ಹೊಳೆದಂಡೆಯ ಕಲ್ಲಿನ ನೀರುನಾಯಿ

“ಬುದ್ಧಿ, ತಮ್ಮದೊಂದು ವಿಗ್ರಹ ಮಾಡಿಸಿ ಮಠದ ಮುಂದೆ ನಿಲ್ಲಿಸೋಣವೇ? ತಮ್ಮ ಕಾಲದ ನಂತರವೂ ಜನ ದಾರಿ ತಪ್ಪಬಾರದು. ಒಳ್ಳೆಯ ಕಲ್ಲೂ ಸಿಕ್ಕಿದೆ,” ಎಂದು ಕೇಳಿದ ಶಿಷ್ಯ ಮರುಳಯ್ಯ.

ಗುರುಗಳು ನಕ್ಕರು. “ನಾನು ಬದುಕಿರುವಾಗಲೇ ನನ್ನನ್ನು ಕಲ್ಲು ಮಾಡುವ ಆತುರವೇ ನಿನಗೆ? ಕೂತುಕೋ, ಒಂದು ಕತೆ ಕೇಳು,” ಎಂದು ಹೇಳತೊಡಗಿದರು.

ಹೊಳೆಯ ದಂಡೆಯಲ್ಲಿ ಒಬ್ಬ ಶಿಲ್ಪಿಯಿದ್ದ. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ತನ್ನವರು ಅಂತ ಅವನಿಗಿದ್ದದ್ದು ಹೊಳೆಯ ನೀರುನಾಯಿಗಳು ಮಾತ್ರ. ಬೆಳಗಾದರೆ ಅವು ಮರಿಗಳನ್ನು ಕಟ್ಟಿಕೊಂಡು ಮನೆಯೆದುರಿನ ಮರಳಿಗೆ ಬಂದು ಮೈ ಕಾಯಿಸುತ್ತಿದ್ದವು, ಕಿಚಿಕಿಚಿ ಜಗಳವಾಡುತ್ತಿದ್ದವು. ಅವುಗಳನ್ನು ಬೈಯುತ್ತಲೇ ಇವನು ಗಂಜಿ ಕುಡಿಯುತ್ತಿದ್ದ. ದಿನಕ್ಕೆ ಅವನು ಆಡುತ್ತಿದ್ದ ಮಾತು ಅಷ್ಟೇ.

ಅವು ಬಲೆ ಹರಿದು ಮೀನು ತಿನ್ನುತ್ತವೆಂದು ಬೆಸ್ತರು ಕಂಡಕಂಡಲ್ಲಿ ಹೊಡೆದು ಕೊಲ್ಲುತ್ತಿದ್ದರು. ಶಿಲ್ಪಿಗೆ ಕರುಳು ಕಿತ್ತು ಬಂದಂತಾಗುತ್ತಿತ್ತು. ಕೈಮುಗಿದು ಬೇಡಿಕೊಂಡ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬಾಯಿಂದ ಆಗದ್ದು ಉಳಿಯಿಂದಲಾದರೂ ಆಗಲಿ ಎಂದುಕೊಂಡ. ಮರಿಯನ್ನು ಅವಚಿಕೊಂಡ ತಾಯಿ ನೀರುನಾಯಿಯನ್ನು ಕೆತ್ತಿ, ದೋಣಿ ಕಟ್ಟುವ ಕಡೆ ಎಲ್ಲರ ಕಣ್ಣಿಗೆ ಬೀಳುವಂತೆ ನಿಲ್ಲಿಸಬೇಕೆಂದು ಗಟ್ಟಿಮಾಡಿಕೊಂಡ.

ಕಲ್ಲು ಹುಡುಕುತ್ತ ಹೊಳೆಗಿಳಿದ. ಶಿಲ್ಪಿಗಳು ಕಲ್ಲನ್ನು ಬರೀ ಕಣ್ಣಿಂದ ಆರಿಸುವುದಿಲ್ಲ, ಸುತ್ತಿಗೆಯಿಂದ ತಟ್ಟಿ ಕಿವಿಯಿಂದ ಆರಿಸುತ್ತಾರೆ. ಒಂದು ಬಂಡೆ ಕಂಚಿನ ಗಂಟೆಯಂತೆ ಮೊಳಗಿತು. ಅಬ್ಬಾ, ಎಂಥ ಸಂತೋಷ ಅವನಿಗೆ! ಬಂಡೆಯಿದ್ದ ಜಾಗದತ್ತ ತಿರುಗಿಯೂ ನೋಡದೆ ನಾಲ್ಕು ಜೋಡಿ ಎತ್ತು ಹೂಡಿಸಿ ಎಳೆಸಿದ. ದೋಣಿಗಳ ಬಳಿಯೇ ಗುಡಿಸಲು ಹಾಕಿಕೊಂಡು ಆರು ತಿಂಗಳು ತಲೆಯೆತ್ತದೆ ಕೆತ್ತಿದ.

ಮೂರ್ತಿ ನಿಂತಿತು. ಕಲ್ಲೆದೆಯ ಬೆಸ್ತರೂ ಕಣ್ಣೊರೆಸಿಕೊಂಡರು. ಇನ್ನು ಯಾರೂ ಅವುಗಳ ಮೇಲೆ ಕೈಯೆತ್ತುವುದಿಲ್ಲವೆಂದು ಹೊಳೆ ಮುಟ್ಟಿ ಆಣೆ ಮಾಡಿದರು.

ಶಿಲ್ಪಿ ಮನೆಗೆ ಮರಳಿದ. ಬೆಳಿಗ್ಗೆ ಗಂಜಿ ಹಿಡಿದು ಕೂತ. ಮರಳಿನ ಮೇಲೆ ಏನೂ ಇರಲಿಲ್ಲ. ಮಾರನೆಯ ದಿನವೂ ಇಲ್ಲ, ಅದರ ಮಾರನೆಯ ದಿನವೂ ಇಲ್ಲ. ದೋಣಿಯಲ್ಲಿ ಹೋಗುತ್ತಿದ್ದ ಒಬ್ಬ ಬೆಸ್ತನನ್ನು ಕೂಗಿ ಕೇಳಿದ.

“ಈಚೆಗೆ ಯಾರ ಬಲೆಯಾದರೂ ಹರಿದಿದೆಯೇನಪ್ಪ?”

“ಅಯ್ಯೋ, ಎಲ್ಲಿಯದು ಯಜಮಾನರೇ! ನೀವು ಆ ಬಂಡೆ ಎಳೆಸಿದ ಲಾಗಾಯ್ತು ಬಲೆಯ ಒಂದು ಕಣ್ಣೂ ಹರಿದಿಲ್ಲ. ನಿಮ್ಮ ಕೈಗುಣ ದೊಡ್ಡದು!”

ಶಿಲ್ಪಿ ಗಂಜಿಯನ್ನು ಅಲ್ಲೇ ಬಿಟ್ಟು ಎದ್ದ. ಬಂಡೆಯಿದ್ದ ಜಾಗಕ್ಕೆ ಓಡಿದ. ಅಲ್ಲೊಂದು ಗುಂಡಿ. ಗುಂಡಿಯಲ್ಲಿ ಒಣಹುಲ್ಲಿನ ಹಾಸಿಗೆ, ಸುತ್ತ ಮೀನಿನ ಮುಳ್ಳು. ಅಡಿಯಲ್ಲಿ ಪೊಳ್ಳಿದ್ದುದರಿಂದಲೇ ಬಂಡೆ ಹಾಗೆ ಮೊಳಗಿತ್ತು. ಆ ಪೊಳ್ಳಿನಲ್ಲೇ ಅವು ಮರಿ ಹಾಕುತ್ತಿದ್ದವು.

ಆಮೇಲೆ ಅವನು ದಿನಾ ಬೆಳಿಗ್ಗೆ ಗಂಜಿ ತೆಗೆದುಕೊಂಡು ಹೋಗಿ ಆ ಕಲ್ಲಿನ ನೀರುನಾಯಿಯ ಪಕ್ಕ ಕೂರುತ್ತಿದ್ದ. ಅದನ್ನು ಬೈಯಲು ಅವನಿಗೆ ಬಾಯಿ ಬರಲಿಲ್ಲ. ತನ್ನ ಕೆಲಸವನ್ನು ತಾನೇ ನೋಡಿ ಹಿಗ್ಗುತ್ತಿದ್ದಾನೆಂದು ಜನ ಅಂದುಕೊಂಡರು.

ಗುರುಗಳು ಕತೆ ನಿಲ್ಲಿಸಿ ಮರುಳಯ್ಯನ ಮುಖ ನೋಡಿದರು.

“ನಿನಗೆ ಸಿಕ್ಕಿದೆಯಲ್ಲ ಕಲ್ಲು, ಅದರ ಅಡಿ ಬಗ್ಗಿ ನೋಡಿದೆಯೇನಪ್ಪ?”