ರಾಕ್ಷಸ ಬೊಂಬೆಗೆ ಬಿದ್ದ ಚಪ್ಪಾಳೆ

ಬೊಂಬೆಯಾಟದ ಮೇಳವೊಂದರಲ್ಲಿ ರಾಣಿ ಬೊಂಬೆಯೊಂದು, ರಾಕ್ಷಸ ಬೊಂಬೆಯೊಂದು ಇದ್ದವು. ಹೊಸ ಊರಿನಲ್ಲಿ ಆಟ ಶುರುವಾಗುವ ಮುಂಚೆ ರಾಣಿ ಹೇಳಿತು: "ಅಯ್ಯಾ ರಾಕ್ಷಸ, ಜನ ಬರುವುದು ಚೆಲುವು ನೋಡಲು. ನಿನ್ನ ಕೋರೆಹಲ್ಲು ಕಂಡರೆ ಮಕ್ಕಳು ಚೀರುತ್ತವೆ. ಇಂದು ನೀನು ರಂಗಕ್ಕೆ ಬರಬೇಡ."

"ಚೀರಲಿ, ತಾಯಿ. ಆಟ ಮುಗಿಯುವವರೆಗೆ ನೋಡು," ಎಂದಿತು ರಾಕ್ಷಸ.

ರಾಣಿ ಕುಣಿದಾಗ ಜನ "ಎಷ್ಟು ಚೆಂದ!" ಎಂದು ತಲೆದೂಗಿದರು, ತಲೆದೂಗುತ್ತಲೇ ಕಡಲೆಕಾಯಿ ಸುಲಿದು ತಿಂದರು. ರಾಕ್ಷಸ ಅಬ್ಬರಿಸಿ ಬಂದಾಗ ಸುಲಿಯುವ ಕೈಗಳು ನಿಂತವು. ಮಕ್ಕಳು ತಾಯಂದಿರ ಸೆರಗು ಹಿಡಿದುಕೊಂಡರೂ ಕಣ್ಣು ಕೀಳಲಿಲ್ಲ. ಕೊನೆಗೆ ಎದೆಗೆ ಬಾಣ ನಾಟಿದ ರಾಕ್ಷಸ, ಕಾಳಗದಲ್ಲಿ ಸತ್ತ ತನ್ನ ಮಗನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಾಗ, ಅಷ್ಟು ಹೊತ್ತು ಅದನ್ನು ಬೈಯುತ್ತಿದ್ದ ಮುದುಕಿಯೊಬ್ಬಳು ಬಿಕ್ಕಿ ಅತ್ತಳು. ಸಭೆಯೇ ಎದ್ದು ನಿಂತು ಚಪ್ಪಾಳೆ ತಟ್ಟಿತು.

"ನಿನಗೆ ಹೆದರಿದವರೇ ನಿನಗಾಗಿ ಅತ್ತರಲ್ಲ, ಹೇಗೆ?" ಎಂದಿತು ರಾಣಿ.

"ಹೆದರಿದಾಗ ಅವರು ತಮ್ಮನ್ನೇ ಮರೆತರು, ತಾಯಿ. ಆಮೇಲೆ ನನ್ನ ದುಃಖ ಅವರದೇ ಆಯಿತು."

ಚಪ್ಪಾಳೆ ನಿಲ್ಲಲೇ ಇಲ್ಲ. ಕೊನೆಯ ನಮಸ್ಕಾರದ ಹೊತ್ತಿಗೆ ರಾಣಿ ಪಕ್ಕಕ್ಕೆ ಸರಿದು, "ಮೊದಲು ನೀನು," ಎಂದಿತು. ರಾಕ್ಷಸ ಮುಂದೆ ಬಂದು ಕೈ ಜೋಡಿಸಿದಾಗ ಊರಿಗೆ ಊರೇ ಕೇಕೆ ಹಾಕಿತು.