ಇಗರ್ಜಿಯ ಹಿಂದಿನ ಸೂರ್ಯ

ನದಿಯ ದಂಡೆಯ ಆಶ್ರಮಕ್ಕೆ ಇಂದುಬಾಯಿ ಒಂದು ಚಿತ್ರ ಹೊತ್ತು ತಂದಳು. ಅವಳ ಗಂಡ ತೀರಿಕೊಂಡು ತಿಂಗಳಾಗಿತ್ತು.

ಪರದೇಶದ ಹಳೆಯ ಚಿತ್ರವೊಂದರ ಪ್ರತಿ ಅದು. ಬಯಲಿನಲ್ಲಿ ಹಳ್ಳಿಯ ಇಗರ್ಜಿ, ಪಕ್ಕದಲ್ಲಿ ಎಲೆಯಿಲ್ಲದ ಮರ. ಗೋರಿಗಳ ನಡುವಿನ ಕಾಲುದಾರಿಯಲ್ಲಿ ಒಬ್ಬ ಮುದುಕಿ ಬಾಗಿಲಿನ ಕಡೆ ನಡೆಯುತ್ತಿದ್ದಳು. ಗೋಪುರದ ಹಿಂದೆ ಕೆಂಪು ಸೂರ್ಯ.

"ನಮ್ಮ ಯಜಮಾನರು ಡ್ರಾಯಿಂಗ್ ಮಾಸ್ತರು. ಕಾಯಿಲೆ ಬಿದ್ದ ಮೇಲೆ ಇದನ್ನು ಮಂಚದ ಎದುರಿಗೆ ಹಾಕಿಸಿಕೊಂಡರು. ಇಂಥ ಚಿತ್ರದಲ್ಲಿ ಮರ ಬರೀ ಮರ ಅಲ್ಲ ಅನ್ನೋರು. ಇದು ಏನು ಹೇಳುತ್ತದೆ? ಅವರು ಬದುಕುವ ಆಸೆ ಬಿಟ್ಟಿದ್ದರಾ? ನನಗೆ ಅದೊಂದು ತಿಳಿಯಬೇಕು."

ಗುರು ಹೊನ್ನವ್ವ ತಾಯಿ ಅವರೆಕಾಯಿ ಸುಲಿಯುತ್ತಿದ್ದರು. ಅವರು ಬಾಯಿ ತೆರೆಯುವಷ್ಟರಲ್ಲಿ ಶಿಷ್ಯ ಅಡಿವೆಯ್ಯ ಮುಂದೆ ಬಂದ. ಸಂಕೇತಗಳ ಅರ್ಥ ಬಿಡಿಸುವುದರಲ್ಲಿ ಅವನ ಸಮ ಯಾರೂ ಇರಲಿಲ್ಲ. ಅದು ಅವನಿಗೂ ಗೊತ್ತಿತ್ತು.

"ಸ್ಪಷ್ಟವಾಗಿದೆ ಅಮ್ಮಾ. ಸೂರ್ಯ ಮುಳುಗುತ್ತಿದ್ದಾನೆ, ಆಯುಷ್ಯ ಮುಗಿಯಿತು. ಬೋಳು ಮರ ಬತ್ತಿದ ದೇಹ. ಮುದುಕಿ ಜೀವ, ಬಾಗಿಲು ಮರಣ. ನಿಮ್ಮ ಯಜಮಾನರು ಹೊರಡಲು ಸಿದ್ಧರಾಗಿದ್ದರು."

ಇಂದುಬಾಯಿ ಚಿತ್ರವನ್ನು ಗೋಡೆಯ ಕಡೆ ತಿರುಗಿಸಿಟ್ಟಳು.

"ಸೂರ್ಯ ಮುಳುಗುತ್ತಿದ್ದಾನೆ ಅಂತ ಯಾರು ಹೇಳಿದರು?" ತಾಯಿ ಕೇಳಿದರು.

"ದೇವರ ಮನೆಯ ಬಾಗಿಲು ಪೂರ್ವಕ್ಕಲ್ಲವೇ? ಇಲ್ಲಿ ಬಾಗಿಲು ನಮ್ಮ ಕಡೆಗಿದೆ, ಸೂರ್ಯ ಹಿಂದಿದ್ದಾನೆ. ಅಂದಮೇಲೆ ಹಿಂದಿನದು ಪಶ್ಚಿಮ."

"ಇಗರ್ಜಿಗೆ ಯಾವತ್ತಾದರೂ ಹೋಗಿದ್ದೀಯಾ?"

"ಇಲ್ಲ."

"ಮದುವೆಗೆ ಮುಂಚೆ ನಾನು ಒಂದು ಇಗರ್ಜಿ ಕಟ್ಟಲು ಕಲ್ಲು ಹೊತ್ತಿದ್ದೆ. ಹಳೇ ಪದ್ಧತಿ ಅಂತ ಪಾದ್ರಿಗಳು ಬಾಗಿಲನ್ನು ಪಶ್ಚಿಮಕ್ಕೆ ಇಡಿಸಿದರು. ಒಳಗೆ ಹೋದವರ ಮುಖ ಪೂರ್ವಕ್ಕಿರಬೇಕಂತೆ."

ಅಡಿವೆಯ್ಯ ಚಿತ್ರವನ್ನು ಮತ್ತೆ ಈಚೆಗೆ ತಿರುಗಿಸಿ ನೋಡಿದ. ಒಂದೇ ಗಳಿಗೆ.

"ಹಾಗಾದರೆ ಇದು ಮುಂಜಾವು. ಮರ ಚಿಗುರಲಿದೆ. ಮುದುಕಿ ಭರವಸೆ, ಬಾಗಿಲು ಹೊಸ ಬದುಕು. ಅಮ್ಮಾ, ನಿಮ್ಮ ಯಜಮಾನರು ಆಸೆ ಬಿಟ್ಟಿರಲಿಲ್ಲ."

"ಸೂರ್ಯನ ಜೊತೆ ಮರಾನೂ ತಿರುಗಿಸಿಬಿಟ್ಟೆಯಲ್ಲಪ್ಪಾ," ಅಂದರು ತಾಯಿ. "ಕೈ ನೋಯಲಿಲ್ಲವಾ?"

ಇಂದುಬಾಯಿಗೆ ಸಿಟ್ಟು ಬಂತು. "ಇವರು ನಿಂತಲ್ಲೇ ಎರಡೂ ಹೇಳಿದರು ತಾಯಿ. ನಾನು ಯಾವುದನ್ನು ನಂಬಿ ಮನೆಗೆ ಹೋಗಲಿ?"

"ಇದನ್ನು ನೋಡುತ್ತಾ ಮಾಸ್ತರು ಏನನ್ನುತ್ತಿದ್ದರು?"

"ಅನ್ನೋದೇನು. ದಿನಾ ಬೆಳಿಗ್ಗೆ ಕಾಫಿ ಕೊಡುವಾಗ ಒಂದೇ ತಮಾಷೆ. 'ಇಂದೂ, ಮುದುಕಿ ಇವತ್ತಾದರೂ ಬಾಗಿಲು ಮುಟ್ಟುತ್ತಾಳೆ ಅಂದುಕೊಂಡಿದ್ದೆ. ನಿನಗಿಂತ ನಿಧಾನ ಇವಳು.' ತೀರಿಹೋದ ದಿನವೂ ಅಂದರು. ಸಾಕು ಸುಮ್ಮನಿರಿ ಅಂತ ಬೈದೆ."

ಹೇಳುತ್ತಾ ಹೇಳುತ್ತಾ ಅವಳು ಚಿತ್ರದ ಗಾಜನ್ನು ಸೆರಗಿನಿಂದ ಒರೆಸತೊಡಗಿದಳು. ಮುದುಕಿ ಇದ್ದ ಕಡೆ ಎರಡು ಸಲ ಒರೆಸಿದಳು.

ಅಡಿವೆಯ್ಯ ಗುರುವಿನ ಕಡೆ ತಿರುಗಿ, "ನಾನೀಗ ಏನು ಮಾಡಲಿ, ತಾಯಿ?" ಅಂದ.

"ಚಿತ್ರ ಹೊತ್ತುಕೊಂಡು ಇವರ ಜೊತೆ ಹೋಗು. ಮುಂಚೆ ಇದ್ದ ಮೊಳೆಗೇ ಹಾಕಿ ಬಾ. ದಾರಿಯಲ್ಲಿ ಅರ್ಥ ಹೇಳಬೇಡ. ಮಾಸ್ತರ ಕಾಫಿಗೆ ಸಕ್ಕರೆ ಎಷ್ಟು ಹಾಕುತ್ತಿದ್ದರು ಅಂತ ಕೇಳು."