ಖೈರುನಬಿ ರೆಕ್ಕೆ ಬಡಿದಳು

ಒಂದು ಕಾಡಿನಲ್ಲಿ ಒಂದು ಹಳೆಯ ಗುಮ್ಮಟವಿತ್ತು. ಕಟ್ಟಿಸಿದವರು ಯಾರೋ, ಬಿಟ್ಟುಹೋದವರು ಯಾರೋ. ಒಳಗೋಡೆಯ ತುಂಬ ಪುಟ್ಟ ಪುಟ್ಟ ಗೂಡುಗಳು, ಗೂಡುಗಳ ತುಂಬ ಪಾರಿವಾಳಗಳು. ಅವಕ್ಕೆ ತಮ್ಮದೇ ಒಂದು ಜಮಾತು. ಜಮಾತಿಗೆ ದಸ್ತಗೀರಸಾಬ ಹಿರಿಯ. ಎದುರಾದವರಿಗೆ ಸಲಾಮು ಹೇಳಬೇಕು, ಮೊಟ್ಟೆ ಯಾರದೋ ಗೂಡು ಅವರದೇ, ಅಪಾಯ ಕಂಡವರು ಪಟಪಟ ರೆಕ್ಕೆ ಬಡಿಯಬೇಕು, ಕೇಳಿದವರು ಯಾಕೆ ಏನು ಎನ್ನದೆ ಹಾರಬೇಕು. ಇವು ತಾತ ಮುತ್ತಾತರು ಮಾಡಿಟ್ಟ ಕಟ್ಟಳೆಗಳು.

ಆ ವರ್ಷ ಗೋರಿಮಾ ಎಂಬ ಪಾರಿವಾಳದ ಗಂಡ ತೀರಿಹೋದ. ಅವಳ ಗೂಡಿನಲ್ಲಿ ಎರಡು ಮೊಟ್ಟೆಗಳಿದ್ದವು. ಗೂಡು ಚೆನ್ನಾಗಿತ್ತು, ಬೆಚ್ಚಗಿತ್ತು. ದಸ್ತಗೀರಸಾಬನ ಸೋದರಳಿಯನಿಗೆ ಅದರ ಮೇಲೆ ಎಂದಿನಿಂದಲೋ ಕಣ್ಣು. ಜಮಾತು ಸೇರಿತು.

"ಗಂಡನಿಲ್ಲದವಳಿಗೆ ಅಷ್ಟು ದೊಡ್ಡ ಗೂಡು ಯಾಕೆ? ಮೂರು ದಿನದಲ್ಲಿ ಖಾಲಿ ಮಾಡಲಿ" ಎಂದ ದಸ್ತಗೀರಸಾಬ.

ಗೋರಿಮಾ ಮೊಟ್ಟೆಗಳ ಮೇಲೆ ಇನ್ನಷ್ಟು ಒತ್ತಿ ಕೂತಳು. ಅವಳು ಎದ್ದುಹೋದರೆ ಮೊಟ್ಟೆಗಳು ತಣ್ಣಗಾಗಿ ಸಾಯುತ್ತವೆ. ಎಲ್ಲರಿಗೂ ಗೊತ್ತಿತ್ತು. ಒಬ್ಬರಾದರೂ ಬಾಯಿ ಬಿಡಬೇಕಲ್ಲ!

ಖೈರುನಬಿ ಬಾಯಿ ಬಿಟ್ಟಳು. ಅವಳು ನಡುವಯಸ್ಸಿನ ಬೂದು ಪಾರಿವಾಳ, ಮೊದಲಿಂದಲೂ ನೇರ ಮಾತಿನವಳು.

"ಚಾಚಾ, ಮೊಟ್ಟೆ ಯಾರದೋ ಗೂಡು ಅವರದು ಎಂದರು ನಮ್ಮ ಹಿರಿಯರು. ನೀವು ಹೇಳುತ್ತಿರುವುದು ಹಿರಿಯರ ಕಟ್ಟಳೆ ಅಲ್ಲ. ನಿಮ್ಮ ಮನೆಯ ಅನುಕೂಲ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಸೋದರಳಿಯ ಥಟ್ಟನೆ ಎದ್ದ. "ನಾನೇನು ಕೇಳಿದ್ದೆನಾ?" ಎಂದ. ಅಬ್ಬಬ್ಬಾ, ಆಮೇಲೆ ಎದ್ದ ಗದ್ದಲ! ಗೂಡಿನ ಮಾತು ಎಲ್ಲಿಗೋ ಹೋಯಿತು. ಹೆಣ್ಣು ಜಮಾತಿನಲ್ಲಿ ದನಿ ಎತ್ತಿದಳು ಎಂಬುದೇ ದೊಡ್ಡ ಮಾತಾಯಿತು.

ಇದನ್ನೆಲ್ಲ ಚಮನಸಾಬ ಕಿವಿ ನಿಮಿರಿಸಿ ಕೇಳುತ್ತಿದ್ದ. ಬೀಸಣಿಗೆಯಂಥ ಬಾಲದ ಚೆಲುವ ಪಾರಿವಾಳ ಅವನು. ತನಗೆ ತಾನೇ 'ಸುಧಾರಕ' ಎಂಬ ಬಿರುದು ಕೊಟ್ಟುಕೊಂಡಿದ್ದ. ಜಮಾತಿನೊಳಗೆ ಒಂದು ದಿನ ಒಂದು ಮಾತೂ ಆಡಿದವನಲ್ಲ. ಎದುರಿನ ಆಲದ ಮರದಲ್ಲಿ ಒಂದು ಗಿಡುಗ ಇತ್ತು; ಅದರ ಮುಂದೆ ಕೂತು ಮಾತ್ರ "ನಮ್ಮವರು ಮೂಢರು, ನಮ್ಮವರು ಕ್ರೂರಿಗಳು" ಎಂದು ದಿನವಿಡೀ ಉಪನ್ಯಾಸ. ಗಿಡುಗ "ವಾಹ್, ಎಂಥ ವಿಚಾರವಂತ!" ಎಂದು ತಲೆದೂಗುತ್ತಿತ್ತು. ಚಮನಸಾಬನಿಗೆ ಅಷ್ಟು ಸಾಕಿತ್ತು.

ಸಭೆ ಮುಗಿದ ಮೇಲೆ ಅವನು ಖೈರುನಬಿಯ ಪಕ್ಕಕ್ಕೆ ಬಂದು ಕೂತ. "ಆಪಾ, ನನ್ನ ಜೊತೆ ಬನ್ನಿ. ಗಿಡುಗನ ಮುಂದೆ ನಾಲ್ಕು ಕಣ್ಣೀರು ಹಾಕಿ. ನ್ಯಾಯ ಅವರೇ ಕೊಡಿಸುತ್ತಾರೆ."

"ನಮ್ಮ ಮನೆ ಜಗಳಕ್ಕೆ ಗಿಡುಗ ಪಂಚನಾ?" ಎಂದು ಖೈರುನಬಿ ಮುಖ ತಿರುಗಿಸಿದಳು. "ನನಗೆ ಬೇಕಾದ್ದು ಗೋರಿಮಾಳ ಗೂಡು. ನಿನಗೆ ಬೇಕಾದ್ದು ಚಪ್ಪಾಳೆ. ಹೋಗು, ಹೋಗು."

ಆದರೆ ಇಬ್ಬರೂ ಒಟ್ಟಿಗೆ ಕೂತದ್ದನ್ನು ಜಮಾತು ನೋಡಿತು. ಏನು ಮಾತಾಡಿದರು ಎಂದು ಕೇಳುವ ವ್ಯವಧಾನ ಯಾರಿಗಿತ್ತು? "ಇವಳೂ ಅವನೂ ಒಂದೇ! ಗಿಡುಗನ ಕಡೆಯವರು!" ಎಂದು ದಸ್ತಗೀರಸಾಬ ಗುಡುಗಿದ. "ಇವಳು ಇನ್ನು ಒಳಗಿರಬಾರದು. ಇವಳಿಗೆ ಯಾರೂ ಸಲಾಮು ಹೇಳಬಾರದು. ಇವಳ ಮಾತು ಯಾರ ಕಿವಿಗೂ ಬೀಳಬಾರದು." ಚಮನಸಾಬನನ್ನೂ ಬೈದ. ಅವನಿಗೇನು ನಷ್ಟ? ಆಲದ ಮರ ಇತ್ತಲ್ಲ. ಪೆಟ್ಟು ಬಿದ್ದದ್ದು ಖೈರುನಬಿಗೆ.

ಅವಳು ಗುಮ್ಮಟದ ಹೊರಗೆ, ಬಿಸಿಲು ಕಾಯುವ ಕಟ್ಟೆಯ ಮೇಲೆ ಉಳಿದಳು. ಕಂಡವರಿಗೆಲ್ಲ ಸಲಾಮು ಹೇಳಿದಳು. ಒಬ್ಬರೂ ತಿರುಗಿ ಹೇಳಲಿಲ್ಲ. ಅವಳಿಗೆ ಅಳು ಬಂತು, ಅತ್ತಳು. ಆದರೂ ಕಾಡು ಬಿಟ್ಟುಹೋಗಲಿಲ್ಲ. "ಇದು ನನ್ನದೂ ಮನೆ. ನಾನ್ಯಾಕೆ ಹೋಗಲಿ?" ಎಂದುಕೊಂಡಳು.

ಮೂರನೆಯ ದಿನ ಮಧ್ಯಾಹ್ನ. ಒಳಗೆ ಎಲ್ಲರೂ ತೂಕಡಿಸುತ್ತಿದ್ದರು. ಎದುರಿನ ಕೊಂಬೆಯಿಂದ ಖೈರುನಬಿಗೆ ಎರಡು ದನಿ ಕೇಳಿಸಿದವು.

"ಪಾಪ, ಆ ಹೆಣ್ಣು ಪಾರಿವಾಳಗಳನ್ನು ನೆನೆದರೆ ನನ್ನ ಕರುಳು ಚುರುಕ್ ಅನ್ನುತ್ತದೆ" ಎನ್ನುತ್ತಿತ್ತು ಗಿಡುಗ. "ಒಳಗೆ ಹೋಗಿ ಸಮಾಧಾನ ಹೇಳೋಣವೆಂದರೆ ದಾರಿಯೇ ಗೊತ್ತಿಲ್ಲ."

"ಹಿಂದುಗಡೆ ಬಳ್ಳಿ ಮುಚ್ಚಿದ ಕಿಟಕಿ ಇದೆ. ಬನ್ನಿ, ನಾನೇ ತೋರಿಸುತ್ತೇನೆ" ಎಂದ ಚಮನಸಾಬ.

ಖೈರುನಬಿ ಬಾಗಿಲಿಗೆ ಹಾರಿ ಕೂಗಿದಳು: "ಗಿಡುಗ ಬರ್ತಿದೆ! ಏಳ್ರೀ!"

ಬಾಗಿಲ ಕಾವಲಿನವರು ಅವಳ ದನಿ ಕೇಳಿದ್ದೇ ಬೆನ್ನು ತಿರುಗಿಸಿದರು. ಒಳಗಿದ್ದವರು ರೆಕ್ಕೆಯಲ್ಲಿ ತಲೆ ಹುದುಗಿಸಿಕೊಂಡರು. ಅವಳ ಮಾತು ಕೇಳಬಾರದು ಎಂದು ಅಪ್ಪಣೆ ಆಗಿದೆಯಲ್ಲ!

ಖೈರುನಬಿಗೆ ಮೈಯೆಲ್ಲ ಉರಿದುಹೋಯಿತು. ಮಾತು ಬೇಡವಾ? ಸರಿ, ಬೇಡ. ಅವಳು ಬಾಗಿಲ ಕಮಾನಿನಲ್ಲಿ ನಿಂತು, ಇದ್ದಬದ್ದ ಶಕ್ತಿಯನ್ನೆಲ್ಲ ಸೇರಿಸಿ, ಪಟಪಟ ಪಟಪಟ ರೆಕ್ಕೆ ಬಡಿದಳು.

ಆ ಸದ್ದಿಗೆ ಗಂಡು ಯಾವುದು, ಹೆಣ್ಣು ಯಾವುದು? ಇಡೀ ಜಮಾತು ಭರ್ರನೆ ಎದ್ದು ಬಾಗಿಲಿಂದ ಹೊರಗೆ ಹಾರಿತು. ಅದೇ ಗಳಿಗೆಗೆ ಹಿಂಬದಿಯ ಕಿಟಕಿಯಿಂದ ಗಿಡುಗ ನುಗ್ಗಿತು. ಗುಮ್ಮಟ ಖಾಲಿ! ಗೋರಿಮಾ ಒಬ್ಬಳೇ ಮೊಟ್ಟೆಗಳ ಮೇಲೆ ಬೋರಲಾಗಿ ಮಲಗಿದ್ದಳು. ಗೂಡು ಆಳ, ಬಾಯಿ ಕಿರಿದು, ಗಿಡುಗನ ಕೊಕ್ಕು ಎಟುಕಲಿಲ್ಲ. ಕಿಟಕಿಯಲ್ಲಿ ಚಮನಸಾಬ ಬಾಲ ಅರಳಿಸಿ ಕೂತಿದ್ದ, ನೆಂಟನ ಹಾಗೆ. ಹಸಿದ ಗಿಡುಗನಿಗೆ ಸುಧಾರಕನಾದರೇನು, ಸಾಬನಾದರೇನು? ಗಬಕ್ಕನೆ ಬಾಯಿ ಹಾಕಿತು. "ಅಯ್ಯೋ, ನಾನು ನಿಮ್ಮವನು!" ಎಂದು ಅವನು ಕಿರುಚಿದ. ಬೀಸಣಿಗೆ ಬಾಲ ಪೂರ್ತಿ ಗಿಡುಗನ ಬಾಯಲ್ಲಿ ಉಳಿಯಿತು. ಬೋಳು ಬೆನ್ನಿನ ಚಮನಸಾಬ ಓಡಿದ ಓಟ, ಮತ್ತೆ ಆ ಕಡೆ ಸುಳಿಯಲಿಲ್ಲ.

ಗಿಡುಗ ಹೋದ ಮೇಲೆ ಜಮಾತು ಸೇರಿತು. ದಸ್ತಗೀರಸಾಬನ ಕಣ್ಣು ತುಂಬಿತ್ತು. "ಬೇಟಿ, ನಮ್ಮೆಲ್ಲರ ಜೀವ ಉಳಿಸಿದೆ. ನೀನು ಜಮಾತಿನ ಹೆಮ್ಮೆ" ಎಂದ.

"ಹೆಮ್ಮೆ ಹಾಗಿರಲಿ, ಚಾಚಾ. ಗೋರಿಮಾಳ ಗೂಡು?"

"ಅದು ಬೇರೆ ಮಾತು, ಇದು ಬೇರೆ ಮಾತು" ಎಂದು ಸೋದರಳಿಯ ಗೊಣಗಿದ.

ಆಗ ಮೂಲೆಯಲ್ಲಿದ್ದ ಒಂದು ಮುದಿ ಹೆಣ್ಣು ಪಾರಿವಾಳ ಪಟಪಟ ರೆಕ್ಕೆ ಬಡಿಯಿತು. ಅದರ ಪಕ್ಕದ್ದೂ ಬಡಿಯಿತು. ಆಮೇಲೆ ಗುಮ್ಮಟದ ಹೆಣ್ಣುಗಳೆಲ್ಲ ಬಡಿದವು. ಕಾವಲಿನ ಗಂಡುಗಳೂ ತಲೆ ತಗ್ಗಿಸಿಕೊಂಡೇ ಸೇರಿಕೊಂಡವು. ಸೂರು ಹಾರಿಹೋಗುವಷ್ಟು ಸದ್ದು.

"ಮೊಟ್ಟೆ ಯಾರದೋ ಗೂಡು ಅವರದು" ಎಂದ ದಸ್ತಗೀರಸಾಬ ಕೊನೆಗೆ. "ತಪ್ಪು ನನ್ನದು." ಆಮೇಲೆ ಖೈರುನಬಿಯ ಮುಂದೆ ಬಂದು ಸಲಾಮು ಹೇಳಿದ. ಅವಳು ತಿರುಗಿ ಹೇಳಿದಳು, ಒಂದು ಕ್ಷಣ ತಡೆದು.

ನಾಲ್ಕನೆಯ ದಿನ ಗೋರಿಮಾಳ ಗೂಡಿನಲ್ಲಿ ಎರಡು ಮರಿಗಳು ಕಿಚಗುಟ್ಟಿದವು.

ನೀತಿ: ಮನೆಯ ತಪ್ಪನ್ನು ಮನೆಯೊಳಗೇ ನಿಂತು ಹೇಳುವವಳು ಬೇರೆ, ಹೊರಗೆ ಚಪ್ಪಾಳೆಗಾಗಿ ಮಾರುವವನು ಬೇರೆ. ಇಬ್ಬರನ್ನೂ ಒಂದೇ ಎಂದು ಅವಳ ಬಾಯಿ ಮುಚ್ಚಿಸಿದವರು ತಮ್ಮ ಕಾವಲನ್ನೇ ಕಳೆದುಕೊಳ್ಳುತ್ತಾರೆ.